ಸಿನೆಮಾ ನಿಲ್ಲಿಸಿದ ಮಾಸ್ತರು

ಹುಕ್ಕೇರಿಯ ಸಂತೆಯಲ್ಲಿ ಮೊನ್ನೆ ಮೂಡಲಗಿ ಕಡೆಯ ಕಂಬಳಿ ವ್ಯಾಪಾರಿಯೊಬ್ಬ ಸಿಕ್ಕ. ಊರಿನ ಸುದ್ದಿ ಕೇಳಿದೆ. ಮಳೆ ಬೆಳೆ, ಯಾರ ಮನೆಯ ಮದುವೆ ಎಂದೆಲ್ಲ ಹೇಳಿ, ಕಂಬಳಿ ಮಡಚುತ್ತ ಅವನು, "ನಿಮ್ಮ ಹಿರೇ ಮಾಸ್ತರ್ರು ಹೋಗಿಬಿಟ್ರಲ್ರಿ. ಕುಂತಲ್ಲೇ ಹೋದ್ರು" ಎಂದ. ಹೋದರೆಂಬುದನ್ನು ಹೇಗೋ ನಂಬಿದೆ, ವಯಸ್ಸಾಗಿತ್ತು. ಕೂತಿದ್ದರು ಎಂಬುದನ್ನು ನಂಬುವುದಕ್ಕೆ ಹೊತ್ತು ಹಿಡಿಯಿತು.

ಯಾಕೆಂದರೆ ಅವರು ಕೂಡುವ ಮನುಷ್ಯರೇ ಅಲ್ಲ. ಮೂಡಲಗಿಯ ಕನ್ನಡ ಸಾಲೆಗೆ ನಾನು ಹೊಸದಾಗಿ ನೇಮಕವಾಗಿ ಹೋದಾಗ ಅವರು ಅಲ್ಲಿ ಹಿರಿಯ ಮಾಸ್ತರು, ನಾನು ಸಣ್ಣ ಮಾಸ್ತರ. ವರ್ಗದಲ್ಲಿ ಒಂದು ಕುರ್ಚಿಯಿತ್ತು. ಅದರ ಮೇಲೆ ಅವರ ರುಮಾಲು ಕೂಡುತ್ತಿತ್ತು, ಅವರು ಕೂಡುತ್ತಿರಲಿಲ್ಲ. ಲೆಕ್ಕ ಹೇಳುವುದು ನಡೆಯುತ್ತ, ಪಾಠ ಓದುವುದು ನಡೆಯುತ್ತ, ಬೈಯುವುದು ಮಾತ್ರ ನಿಂತು. ಮಕ್ಕಳ ಕುತ್ತಿಗೆಗಳು ದಿನವೆಲ್ಲ ಆ ಗೋಡೆಯಿಂದ ಈ ಗೋಡೆಗೆ ತಿರುಗುತ್ತಿದ್ದವು. ಊಟಕ್ಕೆ ಕೂತರೂ ಒಂದು ಮೊಣಕಾಲು ಎತ್ತಿಕೊಂಡೇ ಇರುತ್ತಿದ್ದರು, ಈಗ ಏಳಬೇಕಾದೀತು ಎಂಬಂತೆ. ಊರವರು ಮಾಸ್ತರರ ಕಾಲಲ್ಲಿ ಚಕ್ರ ಇದೆ ಎಂದು ಚೇಷ್ಟೆ ಮಾಡುತ್ತಿದ್ದರು. ಅವರು ಅದಕ್ಕೆ ಸಿಟ್ಟಾಗುತ್ತಿರಲಿಲ್ಲ. "ಕುಂತ ನೀರಿಗೆ ಹಾವಸಿ ಕಟ್ಟತೈತಿ" ಎಂದು ಇನ್ನೊಂದು ಸುತ್ತು ಹಾಕುತ್ತಿದ್ದರು.

ಅವರಿಗೆ ಸಾಲೆಯಷ್ಟೇ ಮುಖ್ಯವಾದದ್ದು ಆಟ. ನಮ್ಮ ಸೀಮೆಯ ಸಣ್ಣಾಟ. ಸುಗ್ಗಿ ಮುಗಿದ ಮೇಲೆ ಊರ ಹುಡುಗರಿಗೆ ಹಾಡು, ಮಾತು, ಹೆಜ್ಜೆ ಎಲ್ಲ ಕಲಿಸುವವರು ಅವರೇ. ಆಟದ ರಾತ್ರಿ ರಂಗದ ಎದುರಿಗೆ ನಿಲ್ಲುವವರೂ ಅವರೇ. ನಮ್ಮಲ್ಲಿ ಒಂದು ರೂಢಿಯುಂಟು. ವೇಷದವನು ಮಾತು ತಪ್ಪಿದರೆ ಬಲ್ಲವರು ಎದುರಿನಿಂದ ಕೈ ಎತ್ತುತ್ತಾರೆ. "ತಪ್ಪೇತಿ, ನಿಂದ್ರಸ್ರಿ" ಎನ್ನುತ್ತಾರೆ. ಮೇಳ ನಿಲ್ಲುತ್ತದೆ. ರಾಜನ ವೇಷದವನಾದರೂ ಸರಿ, ಕಿರೀಟ ಸರಿ ಮಾಡಿಕೊಂಡು, ತಪ್ಪಿದಲ್ಲಿಂದ ಮತ್ತೆ ಹೇಳುತ್ತಾನೆ. ಅದರಲ್ಲಿ ಅವಮಾನವಿಲ್ಲ. ಮಾಸ್ತರು ಕೈ ಎತ್ತದ ಆಟವೇ ಇರಲಿಲ್ಲ ಎನ್ನಬೇಕು. "ಕಥಿ ಅಂದ್ರ ಮಂದಿ ಕೂಸಿದ್ದಂಗ್ರಿ. ಎತ್ತಿಕೊಂಡಾಂವ ಕೈ ಸಂಭಾಳಸಬೇಕು" ಎನ್ನುತ್ತಿದ್ದರು.

ಇಷ್ಟು ಹೇಳಿದ ಮೇಲೆ ಆ ಪುಸ್ತಕಕ್ಕೆ ಬರಬೇಕು.

ಅದೊಂದು ಕಾದಂಬರಿ. ಧಾರವಾಡದಿಂದ ಯಾರೋ ತಂದುಕೊಟ್ಟದ್ದು. ಮಾಸ್ತರು ಅದರ ಹೆಸರು ಹೇಳುತ್ತಿರಲಿಲ್ಲ, "ನಮ್ಮ ಪುಸ್ತಕ" ಎನ್ನುತ್ತಿದ್ದರು. ಹಳೆಯ ಖಣದ ಬಟ್ಟೆಯಲ್ಲಿ ಸುತ್ತಿ ದೇವರ ಜಗಲಿಯ ಮೇಲೆ ಇಟ್ಟಿದ್ದರು. ಕಥೆ ದೊಡ್ಡದಲ್ಲ. ಪಾರವ್ವ ಎಂಬ ಹೆಣ್ಣುಮಗಳು. ಗಂಡ ಎರಡನೆಯವಳನ್ನು ತರುತ್ತಾನೆ. ಪಾರವ್ವ ಜಗಳವಾಡದೆ ಉಟ್ಟ ಸೀರೆಯಲ್ಲೇ ಹೊಳೆ ದಾಟಿ, ಆಚೆ ದಂಡೆಯಲ್ಲಿ ಗುಡಿಸಲು ಹಾಕಿ, ಬದನೆ ಮೆಣಸಿನಕಾಯಿ ಬೆಳೆದುಕೊಂಡು ಬದುಕುತ್ತಾಳೆ. ಕೊನೆಯ ಪುಟದಲ್ಲಿ ಗಂಡ ಹುಡುಕಿಕೊಂಡು ಬಂದು, ಬಾಗಿಲಲ್ಲಿ ನಿಂತು ನೀರು ಕೇಳುತ್ತಾನೆ. ಅವಳು ತಂಬಿಗೆ ತುಂಬ ನೀರು ಕೊಡುತ್ತಾಳೆ. ಅವನು ಕುಡಿದು, ನಡಿ ಮನೆಗೆ ಎನ್ನುತ್ತಾನೆ. ಅವಳು ತಂಬಿಗೆ ಇಸಿದುಕೊಂಡು ಒಳಗೆ ಹೋಗಿ ಬಾಗಿಲು ಮುಚ್ಚುತ್ತಾಳೆ. ಅಷ್ಟೇ, ಪುಸ್ತಕ ಮುಗಿಯುತ್ತದೆ.

ಮಾಸ್ತರು ಆ ಪುಸ್ತಕವನ್ನು ದೇವರ ಪಕ್ಕ ಇಟ್ಟದ್ದಕ್ಕೆ ಕಾರಣ ಅವರ ಮನೆಯಲ್ಲೇ ಇತ್ತು. ಅವರ ತಂಗಿ ಗೌರವ್ವ. ಆಕೆಯನ್ನು ಹುಕ್ಕೇರಿ ತಾಲೂಕಿನ ದಡ್ಡಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆಯಾದ. ಗೌರವ್ವ ಒಂದು ಗಂಟು ಹಿಡಿದುಕೊಂಡು ಅಣ್ಣನ ಮನೆಗೆ ಬಂದಳು. ಕೊಟ್ಟ ಹೆಣ್ಣು ಕುಲಕ್ಕೆ ಹೊರಗು ಎನ್ನುವ ಊರು ಸುಮ್ಮನಿದ್ದೀತೆ? ಊರ ಹಿರಿಯ ಬಸಪ್ಪಜ್ಜ ಮತ್ತೆ ಮತ್ತೆ ಹೇಳಿ ಕಳಿಸಿದ, ತಂಗಿಯನ್ನು ತಿರುಗಿ ಕಳಿಸು, ಸಾಲೆಯ ಮಾಸ್ತರನ ಮನೆಯಲ್ಲೇ ಹೀಗಾದರೆ ಹೇಗೆ ಎಂದು. ವಾದ ಮಾಡಿದ್ದರೆ ಮಾಸ್ತರು ಸೋಲುತ್ತಿದ್ದರು. ಅವರು ವಾದ ಮಾಡಲಿಲ್ಲ. ಪುಸ್ತಕ ಹಿಡಿದುಕೊಂಡು ಮಠದ ಕಟ್ಟೆಗೆ ಹೋದರು.

ಯುದ್ಧದ ಕಾಲ, ಸೀಮೆಎಣ್ಣೆ ಸಿಗುತ್ತಿರಲಿಲ್ಲ. ಸಂಜೆ ಬೆಳಕಿರುವ ತನಕ ಓದುವುದು, ಕತ್ತಲಾದರೆ ನಿಲ್ಲಿಸುವುದು. ಕಟ್ಟೆಯ ತುಂಬ ಹಿರಿಯರು ಕೂತಿದ್ದರೆ ಮಾಸ್ತರು ಅವರ ಮುಂದೆ ಅತ್ತಿಂದಿತ್ತ ನಡೆಯುತ್ತ ಓದುತ್ತಿದ್ದರು. ಪಾರವ್ವ ಹೊಳೆ ದಾಟುವ ದಿನ ಓದನ್ನು ನಡುವೆ ನಿಲ್ಲಿಸಬೇಕಾಯಿತು, ಕತ್ತಲಾಗಿತ್ತು. ಮರುದಿನ ಬಸಪ್ಪಜ್ಜ ಎಲ್ಲರಿಗಿಂತ ಮೊದಲು ಬಂದು ಕೂತಿದ್ದ. ಕೊನೆಯ ಪುಟ ಮುಗಿದಾಗ ಮುದುಕ ರುಮಾಲಿನ ಚುಂಗಿನಿಂದ ಕಣ್ಣೊರೆಸಿಕೊಂಡು, "ಆಕಿ ಮಾಡಿದ್ದು ಖರೆ ಐತಿ" ಎಂದ. ಗೌರವ್ವನ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತುವ ಅಗತ್ಯವೂ ಇರಲಿಲ್ಲ. ಆಮೇಲೆ ಅವಳನ್ನು ಕಳಿಸು ಎಂದು ಯಾರೂ ಹೇಳಿ ಕಳಿಸಲಿಲ್ಲ. ಮಾಸ್ತರರ ಮಟ್ಟಿಗೆ ಆ ಪುಸ್ತಕ ತಂಗಿಗೆ ಕಟ್ಟಿಸಿಕೊಟ್ಟ ಮನೆಯಾಗಿತ್ತು.

ಹೀಗಿರುವಾಗ ಗೋಕಾಕದ ಪೇಟೆಗೆ ಹೋಗಿ ಬಂದ ಒಬ್ಬರು, "ಮಾಸ್ತರ್ರ, ನಿಮ್ಮ ಪುಸ್ತಕದ ಬೋಲಪಟ ಬಂದೈತ್ರಿ, ಮಾತಾಡೋ ಸಿನೆಮಾ. ತಂಬು ಹಾಕ್ಯಾರ" ಎಂದರು. ಅಂದು ಸಾಲೆಯಲ್ಲಿ ಪಾಠವಾಗಲಿಲ್ಲ. ಮಾಸ್ತರು ವರ್ಗದಿಂದ ವರ್ಗಕ್ಕೆ ತಿರುಗಿದರು, ನನ್ನ ವರ್ಗಕ್ಕೂ ಬಂದು ಹೇಳಿದರು, ಅಂಗಳದಲ್ಲಿ ಸಿಕ್ಕವರಿಗೂ ಹೇಳಿದರು. ಕಾಗದದ ಮೇಲೆ ಬರೆದದ್ದು ನಡೆದಾಡುವುದನ್ನು ಕಣ್ಣಾರೆ ಕಾಣುವುದೆಂದರೇನು. ಬಸಪ್ಪಜ್ಜನನ್ನು ಒಪ್ಪಿಸಿದರು. ಗಾಡಿಗಳನ್ನು ಗೊತ್ತು ಮಾಡಿದರು. ಅಷ್ಟಕ್ಕೆ ಬಿಟ್ಟಿದ್ದರೆ ಚೆನ್ನಾಗಿತ್ತು. ಆದರೆ ಸಂತೋಷ ತಲೆಗೇರಿದ ಮನುಷ್ಯ ಒಂದು ಹೆಜ್ಜೆ ಹೆಚ್ಚೇ ಇಡುತ್ತಾನೆ. ದಡ್ಡಿಗೆ ಹೋಗುವವರ ಕೈಯಲ್ಲಿ ತಂಗಿಯ ಗಂಡನಿಗೂ ಹೇಳಿ ಕಳಿಸಿದರು: ಗೋಕಾಕಕ್ಕೆ ಬಂದು ಈ ಸಿನೆಮಾ ನೋಡಬೇಕು, ನೋಡಿ ಬುದ್ಧಿ ಕಲಿಯಬೇಕು.

"ಅದನ್ಯಾಕ ಹೇಳಿ ಕಳಿಸಿದ್ರಿ?" ಎಂದೆ ನಾನು.

"ಪುಸ್ತಕ ಓದಂದ್ರ ಅಂವ ಓದಾಂವಲ್ಲ. ಕಣ್ಣಲೆ ನೋಡ್ಲಿ. ಪಾರವ್ವ ಬಾಗಲಾ ಹಾಕಿಕೊಂಡಾಗ ಅವನ ಮಾರಿ ನೋಡಬೇಕಾಗೈತಿ ನನಗ."

ಗೌರವ್ವನನ್ನೂ ಕರೆದರು. ಆಕೆ ಎಮ್ಮೆಗೆ ಹಿಂಡಿ ನೆನೆಸುತ್ತಿದ್ದಳು. "ನಾ ಒಲ್ಲೆ ಅಣ್ಣಾ. ಎಮ್ಮಿ ಯಾರ ಹಿಂಡಬೇಕು?" ಎಂದಳು. ಒಂದು ದಿನ ಪಕ್ಕದವರು ಹಿಂಡುತ್ತಾರೆ ಎಂದು ಅವರು ಎಷ್ಟು ಹೇಳಿದರೂ ಕೇಳಲಿಲ್ಲ. "ನೋಡೂದೇನೈತಿ ಅದರಾಗ. ನನಗ ಗೊತ್ತೈತಿ" ಎಂದು ಬಕೀಟು ಎತ್ತಿಕೊಂಡು ಹೋದಳು.

ಬೆಳಿಗ್ಗೆ ರೊಟ್ಟಿಬುತ್ತಿ ಕಟ್ಟಿಕೊಂಡು ಹೊರಟ ಗಾಡಿಗಳು ಹೊತ್ತು ಇಳಿಯುವಾಗ ಗೋಕಾಕ ಮುಟ್ಟಿದವು. ದಾರಿಯಲ್ಲಿ ಮಾಸ್ತರು ಗಾಡಿ ಹತ್ತಿದ್ದಕ್ಕಿಂತ ಇಳಿದು ನಡೆದದ್ದೇ ಹೆಚ್ಚು. ಈ ಗಾಡಿಯವರಿಗೆ ಒಂದು ಪ್ರಸಂಗ ಹೇಳುವುದು, ಹಿಂದಿನ ಗಾಡಿಯವರಿಗೆ ಇನ್ನೊಂದು. ತಂಬಿನ ಬಾಗಿಲಲ್ಲಿ ದಡ್ಡಿಯವರು ಬಂದು ನಿಂತಿದ್ದರು, ಗೌರವ್ವನ ಗಂಡ ಮತ್ತು ಅವನ ಕಾಕಾ. ಗಂಡ ಕೆಟ್ಟ ಮೋರೆಯವನಲ್ಲ. ದಣಿದಂತಿದ್ದ, ಮಾತು ಕಡಿಮೆ. ಮಾತೆಲ್ಲ ಕಾಕಾನದು. ಮಾಸ್ತರು ಅವರನ್ನು ಕರೆದುಕೊಂಡು ಹೋಗಿ ಎದುರಿಗೇ, ಮಣ್ಣಿನ ನೆಲದ ಮೇಲೆ ಕೂಡಿಸಿದರು. ತಾವು ಕಂಬಕ್ಕೆ ಒರಗಿ ನಿಂತರು. ನಾನು ಅವರ ಕಾಲ ಬಳಿ ಕೂತೆ.

ಮೊದಮೊದಲು ಎಲ್ಲ ಸರಿಯಿತ್ತು. ಪಾರವ್ವ ಬೆಳ್ಳಗಿದ್ದಳು, ಮೈಮೇಲೆ ಒಡವೆ ಹೆಚ್ಚು. ಮಾಸ್ತರು ತಾಳಿಕೊಂಡರು. ಗುಡಿಸಲಲ್ಲಿ ಹಿತ್ತಾಳೆ ಕೊಡಗಳ ಸಾಲೇ ಇತ್ತು. ಅದನ್ನೂ ತಾಳಿಕೊಂಡರು. ಪಾರವ್ವ ಬದನೆಗಿಡಗಳ ನಡುವೆ ನಿಂತು ಕುತ್ತಿಗೆ ವಾರೆ ಮಾಡಿ ಹಾಡತೊಡಗಿದಾಗ ಬಗ್ಗಿ ನನ್ನ ಕಿವಿಯಲ್ಲಿ, "ಬದನಿ ಗಿಡಕ್ಕ ಯಾರರ ಹಾಡ ಹೇಳತಾರೇನ್ರಿ?" ಎಂದರು. ಆಮೇಲೆ ತಾವೇ, "ಇರ್ಲಿ. ಆಟಕ್ಕ ಹಾಡ ಬೇಕಾಗತೈತಿ" ಎಂದು ಸಮಾಧಾನ ಮಾಡಿಕೊಂಡರು. ಅವರ ಕಣ್ಣು ಪರದೆಯ ಮೇಲೆ ಒಂದು ಸಲ, ತಂಗಿಯ ಗಂಡನ ಮೋರೆಯ ಮೇಲೆ ಒಂದು ಸಲ.

ಕೊನೆಗೆ ಗಂಡ ಬಂದ. ಬಾಗಿಲು ಬಡಿದ. ನೀರು ಕೇಳಿದ. ಮಾಸ್ತರು ನನ್ನ ಹೆಗಲು ಹಿಡಿದರು. "ಈಗ ನೋಡ್ರಿ, ಈಗ." ಪಾರವ್ವ ತಂಬಿಗೆ ತಂದಳು. ಅವನು ಕುಡಿದ. ಅವಳು ತಂಬಿಗೆ ಇಸಿದುಕೊಂಡಳು, ಕೆಳಗಿಟ್ಟಳು, ಗೋಳೋ ಎಂದು ಅತ್ತು ಅವನ ಕಾಲ ಮೇಲೆ ಬಿದ್ದಳು. ತನ್ನದೇ ತಪ್ಪು ಎಂದಳು. ತಂಬಿನ ಹೆಂಗಸರ ಕಡೆಯಿಂದ ಅಳುವ ದನಿ ಕೇಳಿತು. ಸಿಂಗರಿಸಿದ ಗಾಡಿಯೊಂದು ಎಲ್ಲಿಂದಲೋ ಬಂದು ನಿಂತಿತು.

ನನ್ನ ಹೆಗಲ ಮೇಲಿನ ಕೈ ಹೋಯಿತು. ನೋಡಿದರೆ ಮಾಸ್ತರು ಜನರನ್ನು ದಾಟಿಕೊಂಡು ಮುಂದೆ ನಡೆದಿದ್ದಾರೆ. ಪರದೆಯ ಎದುರಿಗೆ ನಿಂತು, ಆಟದಲ್ಲಿ ಎತ್ತುವಂತೆಯೇ ಕೈ ಎತ್ತಿದರು. ಆ ಕೈಯ ನೆರಳು ಪಾರವ್ವನ ಬೆನ್ನ ಮೇಲೆ ಬಿತ್ತು.

"ನಿಂದ್ರಸ್ರಿ. ತಪ್ಪೇತಿ."

ಬೇರೆ ಊರಾಗಿದ್ದರೆ ಹಿಡಿದು ಹೊರಗೆ ಹಾಕುತ್ತಿದ್ದರು. ಆದರೆ ಅಲ್ಲಿ ಕೂತವರೆಲ್ಲ ಆಟ ನೋಡಿ ಬೆಳೆದ ಜನ. ಹಿರಿಯರೊಬ್ಬರು ಕೈ ಎತ್ತಿದ ಮೇಲೆ ಮೇಳ ನಿಲ್ಲಬೇಕು. "ನಿಂದ್ರಸ್ರೆಪಾ, ತಪ್ಪೇತಂತ" ಎಂದು ನಾಲ್ಕು ಕಡೆಯಿಂದ ಕೂಗು ಎದ್ದಿತು. ಯಂತ್ರದವನು ಹೆದರಿ ನಿಲ್ಲಿಸಿಬಿಟ್ಟ. ಪರದೆ ಕತ್ತಲಾಯಿತು. ತಂಬಿನ ಮ್ಯಾನೇಜರ ಗ್ಯಾಸಬತ್ತಿ ಹಿಡಿದು ಓಡಿ ಬಂದ.

"ಏನಾತ್ರಿ ಅಜ್ಜಾರ?"

"ಆಕಿ ಕಾಲಿಗೆ ಬೀಳೂದಿಲ್ಲ. ತಂಬಗಿ ತಗೊಂಡು ಒಳಗ ಹೋಗಿ ಬಾಗಲಾ ಹಾಕತಾಳ. ನೀರ ಕೊಟ್ಟಲ್ಲಿಂದ ಮತ್ತ ಹಚ್ಚ್ರಿ."

ಮ್ಯಾನೇಜರ ಒಳ್ಳೆಯವನು, ನಗಲಿಲ್ಲ. "ಹಚ್ಚಾಕ ಅಡ್ಡಿಯಿಲ್ರಿ. ಆದ್ರ ಎಷ್ಟ ಸಲ ಹಚ್ಚಿದ್ರೂ ಆಕಿ ಕಾಲಿಗೇ ಬೀಳತಾಳ್ರಿ. ಡಬ್ಬಿಯಾಗ ಹಂಗೇ ತುಂಬಿ ಕಳಿಸ್ಯಾರ."

ಮಾಸ್ತರು ಎತ್ತಿದ ಕೈ ಇಳಿಸದೆ ನಿಂತೇ ಇದ್ದರು. ತಪ್ಪನ್ನು ತೋರಿಸಿಕೊಟ್ಟ ಮೇಲೂ ತಿದ್ದಲಾಗದ ಕಥೆಯನ್ನು ಅವರು ಅದುವರೆಗೆ ಕಂಡಿರಲಿಲ್ಲ. ನಾನು ಹೋಗಿ ತೋಳು ಹಿಡಿದು ಕರೆದುಕೊಂಡು ಬಂದೆ. ಯಂತ್ರ ಮತ್ತೆ ತಿರುಗಿತು, ಪಾರವ್ವ ಗಾಡಿ ಹತ್ತಿದಳು, ಹಾಡಾಯಿತು, ಮಂಗಳವಾಯಿತು. ಹೊರಗೆ ಬರುವಾಗ ದಡ್ಡಿಯ ಕಾಕಾ ಮೀಸೆ ತಿರುವುತ್ತ, "ಚಲೋ ತೋರಿಸಿದ್ರಿ ಮಾಸ್ತರ್ರ" ಎಂದು ಹೋದ. ಮರುದಿನ ಮೂಡಲಗಿಯ ತನಕ ಅವರು ಗಾಡಿಯನ್ನು ಮುಟ್ಟಲೇ ಇಲ್ಲ. ಎತ್ತುಗಳ ಮುಂದೆ ಒಬ್ಬರೇ ನಡೆದರು. ನನಗೆ ಅವರನ್ನು ನೋಡಿ ಸಂಕಟವಾಗುತ್ತಿತ್ತು.

ಸಂಕಟಕ್ಕೆ ಕಾರಣವಿತ್ತು. ಗಾಡಿಗಳಲ್ಲಿ ಆಗಲೇ ಗುಸುಗುಸು ಶುರುವಾಗಿತ್ತು. ಕಟ್ಟೆಯ ಮೇಲೆ ಮಾಸ್ತರು ಓದಿದ್ದೊಂದು, ಇಲ್ಲಿ ಕಂಡದ್ದೊಂದು. ಓದಿದವರು ಒಬ್ಬರೇ. ತಂಗಿಯ ಸಲುವಾಗಿ ಕೊನೆಯನ್ನು ತಿರುಚಿ ಓದಿರಬಹುದೇ? ಒಂದು ಪದ ತಪ್ಪಿದರೆ ಆಟ ನಿಲ್ಲಿಸುವ ಮನುಷ್ಯನ ಮೇಲೆ ಈ ಸಂಶಯ. ಅದು ಅವರ ಕಿವಿಗೂ ಬಿದ್ದಿತೆಂದು ಅವರ ನಡಿಗೆಯಲ್ಲೇ ತಿಳಿಯುತ್ತಿತ್ತು.

ಮುಂದೆ ಸ್ವಲ್ಪ ದಿನಕ್ಕೆ ದಡ್ಡಿಯ ಗಾಡಿ ಮಾಸ್ತರರ ಮನೆಯ ಮುಂದೆ ಬಂದು ನಿಂತಿತು. ರವಿವಾರ ಬೆಳಿಗ್ಗೆ, ಸಾಲೆ ಇರಲಿಲ್ಲ. ಗಂಡ, ಕಾಕಾ, ಜೊತೆಗೆ ಬಸಪ್ಪಜ್ಜ ಮತ್ತು ಊರ ಹಿರಿಯರು ಮನೆಯ ಕಟ್ಟೆಯ ಮೇಲೆ ಕೂತರು. ನನ್ನನ್ನೂ ಕರೆಸಿದರು. ಮಾಸ್ತರು ಪುಸ್ತಕ ಹಿಡಿದುಕೊಂಡು ಅಂಗಳದಲ್ಲಿ ತಿರುಗುತ್ತಿದ್ದರು. ಒಳಗೆ ಗೌರವ್ವ ಬೀಸುತ್ತಿದ್ದಳು, ಬೀಸುಕಲ್ಲಿನ ಸದ್ದು ಬರುತ್ತಿತ್ತು.

"ನೋಡಿ ಬುದ್ಧಿ ಕಲೀರಿ ಅಂತ ನೀವಽ ಹೇಳಿ ಕಳಿಸಿದ್ರಿ" ಎಂದ ಕಾಕಾ. "ನೋಡಿದ್ವಿ. ಕಲತ್ವಿ. ನಾವಽ ಕರಿಯಾಕ ಬಂದೇವಿ, ಇನ್ನೇನ್ ಬೇಕ್ರಿ? ಕಳಸ್ರಿ ತಂಗೀನ."

"ಸಿನೆಮಾ ಸುಳ್ಳೈತಿ. ಪುಸ್ತಕದಾಗ ಹಂಗಿಲ್ಲ" ಎಂದರು ಮಾಸ್ತರು.

ಬಸಪ್ಪಜ್ಜ ಕೆಮ್ಮಿ ಗಂಟಲು ಸರಿಮಾಡಿಕೊಂಡ. "ತಮ್ಮಾ, ತಪ್ಪ ತಿಳಕೋಬ್ಯಾಡ. ಓದಿದಾಂವ ನೀ ಒಬ್ಬಾಂವ, ನೋಡಿದ್ದು ಊರು. ಮಂದಿ ಬಾಯಿ ಮುಚ್ಚಾಕ ಬರೂದಿಲ್ಲ. ಸಣ್ಣ ಮಾಸ್ತರ ಓದ್ಲಿ."

ಮಾಸ್ತರು ಪುಸ್ತಕವನ್ನು ನನ್ನ ಕೈಗೆ ಕೊಟ್ಟರು. ಬೇರೆಯವರ ತಪ್ಪು ಹಿಡಿದೇ ಮುದುಕರಾದ ಮನುಷ್ಯ ಪರೀಕ್ಷೆಗೆ ಕೂತ ಹುಡುಗನಂತೆ ನನ್ನ ಬಾಯಿ ನೋಡುತ್ತಿದ್ದರು. ಆ ಹಿರಿಯರ ಮೇಲೆ ನನಗೆ ಬಂದ ಸಿಟ್ಟು ಇವತ್ತಿಗೂ ಪೂರಾ ಇಳಿದಿಲ್ಲ. ಕೊನೆಯ ಪುಟ ಓದಿದೆ. ನೀರು ಕೊಟ್ಟಳು, ತಂಬಿಗೆ ಇಸಿದುಕೊಂಡಳು, ಬಾಗಿಲು ಮುಚ್ಚಿದಳು. ಮಾಸ್ತರು ಓದಿದ್ದಂತೆಯೇ ಇತ್ತು, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲ.

"ಪುಸ್ತಕದಾಗ ಹಂಗೈತಿ, ಖರೆ" ಎಂದ ಬಸಪ್ಪಜ್ಜ ನಿಧಾನವಾಗಿ. "ಆದ್ರ ಸಿನೆಮಾ ಮಾಡಿದಾವ್ರೂ ತಿಳದಾವ್ರಽ ಇರಬೇಕಲ್ಲ. ವಿಚಾರ ಮಾಡೇ ತಿದ್ದಿರಬೇಕು."

ಮಾಸ್ತರು ನನ್ನ ಕೈಯಿಂದ ಪುಸ್ತಕ ಇಸಿದುಕೊಂಡು ಮತ್ತೆ ಆ ಪುಟ ತೆರೆದರು. ಕಥೆಯ ಬಲದಿಂದ ಗೆದ್ದದ್ದನ್ನು ಇನ್ನೊಂದು ಕಥೆ ಬಂದು ಕಸಿದುಕೊಂಡರೆ ಏನು ಹೇಳಬೇಕು?

ಬೀಸುಕಲ್ಲು ನಿಂತಿತು. ಗೌರವ್ವ ಹೊಸ್ತಿಲಿಗೆ ಬಂದಳು. ತಲೆಯ ಮೇಲೆ ಸೆರಗು, ಮೊಣಕೈವರೆಗೆ ಜೋಳದ ಹಿಟ್ಟು.

"ಅಣ್ಣಾ, ಪುಸ್ತಕ ಮುಚ್ಚು" ಎಂದಳು. ಆಮೇಲೆ ಹಿರಿಯರ ಕಡೆ ತಿರುಗಿ, "ಅಜ್ಜಾರ, ನಾ ದಡ್ಡಿ ಬಿಟ್ಟ ಬಂದಾಗ ಈ ಪುಸ್ತಕ ನಮ್ಮನ್ಯಾಗ ಇದ್ದಿದ್ದಿಲ್ರಿ. ಯಾ ಪಾರವ್ವನ್ನೂ ಕೇಳಿ ಬಂದಾಕಿ ಅಲ್ಲ ನಾ. ಆಕಿ ಬಾಗಲಾ ಹಾಕಿದ್ರ ಹಾಕ್ಲಿ, ಕಾಲಿಗೆ ಬಿದ್ರ ಬೀಳ್ಲಿ, ಅದು ಆಕಿ ಸಂಸಾರ. ನಾ ಹೋಗೂದಿಲ್ಲ."

ಕಾಕಾ ಏನೋ ಹೇಳಲು ಹೊರಟ, ಬಸಪ್ಪಜ್ಜ ಕೈಯಿಂದ ತಡೆದ. ಅಷ್ಟು ಹೊತ್ತೂ ಸುಮ್ಮನಿದ್ದ ಗಂಡ ತಲೆ ಎತ್ತಿದ. ಅವನು ಬೇಕೆಂದೇ ಕೇಳಿದನೋ, ನಿಜವಾಗಿ ಬಾಯಾರಿತ್ತೋ, ನನಗೆ ಗೊತ್ತಿಲ್ಲ.

"ಒಂದ್ ತಂಬಗಿ ನೀರರ ಕೊಡು" ಎಂದ.

ಕಟ್ಟೆಯ ಮೇಲಿದ್ದವರೆಲ್ಲ ಪುಸ್ತಕ ಕೇಳಿದವರು, ಸಿನೆಮಾ ನೋಡಿದವರು. ಎಲ್ಲರ ಕಣ್ಣೂ ಅವಳ ಕಡೆ ಹೊರಳಿದವು. ಎರಡರಲ್ಲೂ ಪಾರವ್ವ ನೀರು ಕೊಟ್ಟಿದ್ದಳಲ್ಲ. ಗೌರವ್ವ ತನ್ನ ಕೈ ನೋಡಿಕೊಂಡಳು.

"ನನ್ನ ಕೈ ಹಿಟ್ಟಾಗೈತಿ. ಅಣ್ಣಾ, ನೀ ಕೊಡು."

ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಬೀಸುಕಲ್ಲಿನ ಸದ್ದು ಮತ್ತೆ ಶುರುವಾಯಿತು. ಮಾಸ್ತರು ತಂಬಿಗೆ ತುಂಬಿ ತಂದರು, ಅರ್ಧ ನೀರು ಅಂಗಳದಲ್ಲೇ ತುಳುಕಿತು. ಅವನು ಕುಡಿದ. ಬಸಪ್ಪಜ್ಜ ಕೋಲು ಊರಿ ಎದ್ದು, "ಒಲ್ಲೆ ಅಂದಾಕಿನ್ನ ಗಾಡ್ಯಾಗ ಹೇರಾಕ ಆಕಿ ಏನ್ ಜ್ವಾಳದ ಚೀಲೇನ್ರಿ? ನಡೀರಿ, ಮುಗೀತು" ಎಂದ. ದಡ್ಡಿಯ ಗಾಡಿ ಹೋಯಿತು. ಮತ್ತೆ ಬರಲಿಲ್ಲ.

ಅಂದು ಸಂಜೆ ಮಾಸ್ತರು ನನ್ನನ್ನು ಕರೆದುಕೊಂಡು ಊರ ಹೊರಗೆ ಹೊರಟರು. ಅವರ ಜೊತೆ ನಡೆಯುವುದೆಂದರೆ ಅರ್ಧ ಓಡುವುದು. ಸಿನೆಮಾದವರನ್ನು ಬೈಯುತ್ತಾರೆಂದು ಕಾದೆ. ಬೈಯಲಿಲ್ಲ. ತಂಗಿಯನ್ನು ಹೊಗಳುತ್ತಾರೆಂದುಕೊಂಡೆ. ಅದೂ ಇಲ್ಲ. ಹಳ್ಳದ ದಾರಿಯಲ್ಲಿ ಮುಂದೆ ಮುಂದೆ ಹೋಗುತ್ತಿದ್ದವರು ಒಮ್ಮೆಲೇ ನಿಂತರು.

"ಸಣ್ಣ ಮಾಸ್ತರ್ರ, ಪುಸ್ತಕದಾಗೂ ತಪ್ಪೇತ್ರಿ."

"ಎಲ್ಲೆ?"

"ಪಾರವ್ವ ಆ ನೀರ ಯಾಕ ಕೊಡಬೇಕಾಗಿತ್ತು?"

ಎಷ್ಟು ಸಲ ಓದಿದ್ದರು, ಎಷ್ಟು ಜನರ ಮುಂದೆ ಓದಿದ್ದರು. ಆ ಸಾಲು ಬಂದಾಗ ದನಿ ತಗ್ಗಿಸುತ್ತಿದ್ದರು, ಕೇಳಿದವರು ಅಲ್ಲೇ ಅಳುತ್ತಿದ್ದರು. ಈಗ ಆ ಸಾಲಿಗೇ ಕೈ ಎತ್ತಿದ್ದರು. ಆಗ ಮಾಸ್ತರು ರುಮಾಲು ತೆಗೆದು ಕೈಯಲ್ಲಿ ಹಿಡಿದುಕೊಂಡು, ಹಳ್ಳದ ದಂಡೆಯ ಒಂದು ಕಲ್ಲಿನ ಮೇಲೆ ಕೂತುಬಿಟ್ಟರು.